ಹೊಕ್ಕು

ಮದ್ದೂರಿನಾಚೆ ಉಪಕಾಲುವೆಗೆ ನಲವತ್ತೊಂದು ತೂಬು.
ಒಂದೊಂದಕ್ಕೂ ಒಂದು ಮೋಟಾರು, ಒಂದು ಸಿಮ್ಮು,
ಬೆಂಕಿಪೊಟ್ಟಣದಷ್ಟು ಬುದ್ಧಿ.
ಆ ಬುದ್ಧಿ ಬರೆಯುವುದು ನನ್ನ ಕೆಲಸ.
ನೀರಾವರಿ ಆಫೀಸಿನ ಹಿಂದಿನ ಕೋಣೆ,
ಸಿಮೆಂಟು ಚೀಲದ ವಾಸನೆ, ಕತ್ತು ತಿರುಗದ ಫ್ಯಾನು.

ತೂಬು ತೆರೆಯಲು ಸಾಕು ನಾಲ್ಕು ಸಾಲು.
ನಾನು ಬರೆದದ್ದು ಅರವತ್ತು.
ಬೀಗ ಹಿಡಿ, ಬೀಗ ಬಿಡು,
ಕೇಳಿದವರು ಯಾರು, ಗಂಟೆ ಎಷ್ಟು,
ಸುದ್ದಿ ಮುಟ್ಟಿತೇ, ಮುಟ್ಟದಿದ್ದರೆ ಮತ್ತೆ ಕಳಿಸು, ಮೂರು ಸಲ –
ನಲವತ್ತೊಂದು ಕಡೆಯೂ ಅದೇ ಗೋಳು.
ಒಂದರಲ್ಲಿ ತಿದ್ದಿದರೆ ನಲವತ್ತರಲ್ಲಿ ತಪ್ಪು.
ನೀರೆಲ್ಲಿದೆ ಎಂದು ಹುಡುಕಬೇಕಿತ್ತು
ಆ ಸಾಲುಗಳ ಜೊಂಡಿನೊಳಗೆ.

ಮೇಲುಕೋಟೆಯಲ್ಲಿ ಸೋದರತ್ತೆ ಪಂಚೆ ನೇಯುತ್ತಿದ್ದಳು.
ಹಾಸಿನ ಎಳೆಗೆ ತನ್ನ ಉದ್ದವಷ್ಟೇ ಗೊತ್ತು,
ಅಡ್ಡ ದಾಟಿ ಹೋದದ್ದು ಯಾರೆಂದು ಅದು ಕೇಳುವುದಿಲ್ಲ.
ಹಾಗೇ ಮಾಡಿದೆ. ಗೋಳನ್ನೆಲ್ಲ ಕಿತ್ತು ಒಂದೇ ಹಾಳೆಗೆ ತಂದೆ:
ಯಾವ ತೂಬೇ ಇರಲಿ, ಯಾರೇ ತೆರೆಯಲಿ,
ತೆರೆಯುವ ಮುನ್ನ ಇಷ್ಟು, ತೆರೆದಾದ ಮೇಲೆ ಇಷ್ಟು,
ನಡುವೆ ಸತ್ತು ಬಿದ್ದರೆ ಇಷ್ಟು.
ಯಂತ್ರ ಕೂತು ನೇಯ್ದು ಸೇರಿಸಿತು.
ಹೊಕ್ಕು ಅಂದರೆ ಅಡ್ಡೆಳೆ,
ಹೊಕ್ಕು ಅಂದರೆ ಒಳಗೆ ಹೋಗಿ ಅಂತಲೂ.
ಕನ್ನಡ ಎರಡಕ್ಕೂ ಮೊದಲೇ ಗಂಟು ಹಾಕಿಟ್ಟಿತ್ತು.

ಮಂಗಳವಾರ ರಾತ್ರಿ
ಹದಿನೇಳನೆಯ ತೂಬು ಬೀಗ ಹಿಡಿದುಕೊಂಡೇ ಮಂಕಾಯಿತು.
ಸತ್ತರೆ ಬೀಗ ಬಿಡು ಎಂದು ಬರೆದಿದ್ದೆ.
ಅದು ಸತ್ತಿರಲಿಲ್ಲ. ಟವರಿಗೆ ಕರೆಂಟಿರಲಿಲ್ಲ.
ಹದಿನೆಂಟು ಕಾಯಿತು,
ಹದಿನೆಂಟಕ್ಕಾಗಿ ಹತ್ತೊಂಬತ್ತು,
ಹೀಗೆ ಶಿಸ್ತಾಗಿ, ಕೈಕಟ್ಟಿ, ಇಪ್ಪತ್ನಾಲ್ಕು ತೂಬು.
ಒಂದೂ ತಪ್ಪು ಮಾಡಲಿಲ್ಲ.
ಒಂದು ತೊಟ್ಟೂ ಹರಿಯಲಿಲ್ಲ.

ನೀರುಗಂಟಿ ಮರಿಜವರಯ್ಯ ಬ್ಯಾಟರಿ ಬಿಟ್ಟುಕೊಂಡು ಬಂದರು,
ಯಾವ ಗದ್ದೆಯ ಪಹಣಿಯಲ್ಲೂ ಹೆಸರಿಲ್ಲದವರು,
ಎಲ್ಲ ಗದ್ದೆಯ ಬದುವಿನಲ್ಲೂ ಹೆಜ್ಜೆಯಿದ್ದವರು.
“ಸರದಿ ಬಂದವ ಸನಿಕೆ ನೆಡ್ತಿದ್ದ ಕಣವ್ವ,
ಸನಿಕೆ ಇರೋಗಂಟ ಅವನ ನೀರು.”
ಅವನು ಅಲ್ಲೇ ನಿದ್ದೆಹೋದರೆ?
“ಎರಡು ಬೀಡಿ ಸೇದೋಗಂಟ ಕಾಯೋದು, ಆಮೇಕೆ ಕೀಳೋದು.
ಎಬ್ಬುಸ್ಬಾರ್ದು, ಜಗಳ ಆಯ್ತದೆ.”
ಅವನೇ ಎದ್ದುಬಿಟ್ಟರೆ?
“ನೋಡ್ತಾನೆ, ಸನಿಕೆ ಇಲ್ಲ.
ತಿರ್ಗ ಸಾಲಲ್ಲಿ ನಿಂತ್ಕತಾನೆ.”

ಮೆಟ್ಟಿಲ ಮೇಲೆ ಕೂತು ಎರಡೂ ಸೇದಿ ತೋರಿಸಿದರು,
ಫೋನಿನಲ್ಲಿ ಅಳೆದೆ: ಹನ್ನೊಂದು ನಿಮಿಷ, ಕೆಮ್ಮೂ ಸೇರಿ.
ಆ ಒಂದೇ ಹಾಳೆಯಲ್ಲಿ ಒಂದೇ ಸಾಲು ಸೇರಿಸಿದೆ,
ಬೀಗದ ಗಡುವಿಗೆ ‘ಎರಡುಬೀಡಿ’ ಎಂದು ಹೆಸರಿಟ್ಟೆ.
ಯಾವ ತೂಬಿನ ನಾಲ್ಕು ಸಾಲನ್ನೂ ಮುಟ್ಟಲಿಲ್ಲ.
ಬೆಳಗಿನ ಹೊತ್ತಿಗೆ ನಲವತ್ತೊಂದಕ್ಕೂ ಅದು ಗೊತ್ತಿತ್ತು,
ಗೊತ್ತಿದೆ ಎಂದು ಮಾತ್ರ ಗೊತ್ತಿರಲಿಲ್ಲ.

ಅವರು ಪರದೆಗೆ ಬಗ್ಗಿ ಕೇಳಿದರು:
“ಇಲ್ಲೇನು ಬರ್ದಿರದು?”
ಎಲ್ಲ ತೂಬು, ಅಂದೆ.
“ಎಲ್ಲ ಅನ್ಬ್ಯಾಡಿ.
ಇಪ್ಪತ್ತೊಂಬತ್ತು ಪೂರ್ತಿ ಮುಚ್ಚಾಕಿಲ್ಲ,
ಒಂದ್ ಬೆರಳು ಸಂದು ಬುಟ್ಟಿರ್ತೀವಿ, ಎಮ್ಮೆ ನೀರು ಕುಡೀತವೆ.”
ಯಾವ ಕಡತದಲ್ಲಿದೆ ಇದು ಎಂದರೆ
ಮೂರನೇ ಬೀಡಿ ಹಚ್ಚಿದರು.

‘ಎಲ್ಲ’ದ ಪಕ್ಕ ಕರ್ಸರು ಮಿಟುಕುತ್ತಲೇ ಇತ್ತು.
ಸ್ವಲ್ಪ ಹೊತ್ತು ನೋಡಿ, ಬರೆದೆ:
ಇಪ್ಪತ್ತೊಂಬತ್ತು ಬಿಟ್ಟು.