ನಳದುರ್ಗದ ಗೋಡಿಯೊಳಗ

ತುಳಜಾಪುರಕ್ಕ ಅಂತ ಮನ್ಯಾಗ ಹೇಳಿ
ಸೋಲಾಪುರದಿಂದ ನಾಕು ಮಂದಿ ಓಮ್ನಿ ಹಿಡಿದ್ವಿ.
ಡೀಸೆಲ್ ಬ್ಯಾರೆ, ಟೋಲ್ ಬ್ಯಾರೆ,
ಹಾಡು ಪುಕ್ಕಟೆ, ಅಂದ ಡ್ರೈವರ್.

ನಳದುರ್ಗದ ಕೋಟಿ. ಬೋರಿ ಹೊಳಿ ತುಂಬಿ
ಗಂಡು ಧಾರಿ ಹೆಣ್ಣು ಧಾರಿ ಎರಡೂ ಸುರೀತಿದ್ವು.
ಒಡ್ಡಿನ ಹೊಟ್ಟಿಯೊಳಗ ಮೆಟ್ಟಲಾ ಇಳಿದರ
ಒಂದು ಸಣ್ಣ ಮಹಲು.
ಕಿಟಕಿಗೆ ನೀರ ಪರದೆ.

ಗೈಡ್ ಬಾಯಿ ತಗದ, ಏನೂ ಕೇಳಲಿಲ್ಲ.
ಪುಣೆಯ ಮಂದಿ ಫೋಟೊ ಹೊಡಕೊಂಡು
ಕಿವಿ ಮುಚ್ಚಿ ಮ್ಯಾಲೆ ಹತ್ತಿದರು.
ನಮಗೇನು?
ಇಪ್ಪತ್ತು ವರ್ಷ ಟವೆಲ್ ಕಾರಖಾನ್ಯಾಗ
ತುಟಿ ನೋಡಿ ಮಾತಾಡಿದವರು.
ಮಗ್ಗ ನಿಂತ ದಿನಾನೇ ನಮಗ ಕಿವುಡು.

ಮಹಾನಂದಾ ನೀರಿಗೆ ಬೆನ್ನು ಕೊಟ್ಟು ನಿಂತಳು,
ಸಪ್ಪಳ ಇಲ್ಲದ ಒಂದು ಸಂಗತಿ ಅಂದಳು.
ಶಾಂತಮ್ಮ ಸೆರಗು ಬಾಯಿಗೆ ಹಿಡಿದಳು.
ಯಾವಾಗಿಂದ? ನನ್ನ ತುಟಿ ಕೇಳಿತು.
ಬೆರಳು ಮಡಚಿ ಎಣಿಸಿದಳು,
ಒಂದು ಕೈ ಸಾಲಲಿಲ್ಲ.

ಹೊರಗ ಬಂದರ ಬಿಸಿಲು, ಗಿಳಿ,
ಶೇಂಗಾ ಮಾರೋ ಹುಡುಗ.
ಯಾರೂ ಆ ಮಾತು ಎತ್ತಲಿಲ್ಲ,
ಡ್ರೈವರ್ ಹಾಡು ಸಣ್ಣದು ಮಾಡಿದ,
ಮತ್ತ ದೊಡ್ಡದು ಮಾಡಿದ.

ಹಾದಿಯ ಅಂಗಡ್ಯಾಗ
ತುಳಜಾಪುರದ್ದು ಅಂತ ಹೇಳಾಕ
ಕುಂಕುಮ ಕಟ್ಟಿಸಿದ್ವಿ.
ಮೂರು ಪುಡಿಕಿ.
ಮಹಾನಂದಾ ಕೈ ಚಾಚಲಿಲ್ಲ.