ಬಲಕ್ಕೆ ತಿರುಗಿ

ಕಿವಿಯಲ್ಲಿ ನಾನೇ ಇದ್ದೇನೆ.
"ನಮಸ್ಕಾರ. ನೌಬಾದಿನ ಈ ಕೆಂಪು ನೆಲದ ಕೆಳಗೆ
ಒಂದು ಕಾಲುವೆಯಿದೆ" ಅನ್ನುತ್ತೇನೆ,
ಎಂದೂ ನೆಗಡಿಯಾಗದ, ಎಂದೂ ಸಾಲ ಕೇಳದ ದನಿಯಲ್ಲಿ.

ಹೋದ ಚಳಿಗಾಲ, ಅಕ್ಕನ ಮನೆಯ ಮಾಳಿಗೆ ಕೋಣೆ.
ಗೋಡೆಗೆ ಎರಡು ರಜಾಯಿ, ಕಿಟಕಿಗೆ ಕೌದಿ.
ವೈಜಿನಾಥ ಸರ್ ಬರೆದುಕೊಟ್ಟ ಹನ್ನೆರಡು ಹಾಳೆ,
ಹಾಳೆಗೆ ಇನ್ನೂರು ರೂಪಾಯಿ.
ನಾಲ್ಕನೇ ನಿಲ್ದಾಣದಲ್ಲಿ ಗಮನವಿಟ್ಟು ಕೇಳಿದರೆ
ಹಿಂದೆ ಕುಕ್ಕರಿನ ಸೀಟಿ ಇದೆ.
ಅದು ಬಹಮನಿ ಕಾಲದ್ದಲ್ಲ, ತೊಗರಿಬೇಳೆಯದ್ದು.

ಓದಿದ್ದೆನೇ ಹೊರತು ಬಂದಿರಲಿಲ್ಲ.
ಇದೇ ಬೀದರಿನಲ್ಲಿ ಹುಟ್ಟಿ, ಗವಾನ ಚೌಕಿನಲ್ಲಿ ಬಳೆ ತೊಟ್ಟು,
ಕರೇಜ್ ಎಂಬ ಪದದ ಕೊನೆಯ ಅಕ್ಷರವನ್ನು
ನಾಲಗೆಯ ಮೇಲೆ ಹತ್ತು ಸಲ ಉಜ್ಜಿ ತೊಳೆದವಳು
ಅದರ ಬಾಯಿ ನೋಡಲು ಇವತ್ತು ಬಂದೆ,
ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲಿಗೆ,
ಬೇರೆ ಊರಿನವಳ ಹಾಗೆ, ಕಿವಿಗೆ ತಂತಿ ಸಿಕ್ಕಿಸಿ.

"ಬಲಕ್ಕೆ ತಿರುಗಿ."
ಬಲಕ್ಕೆ ಹೊಸ ಕಂಪೌಂಡು. ನೆತ್ತಿಯ ಮೇಲೆ ಗಾಜಿನ ಚೂರು.
"ಇಲ್ಲಿಂದ ನಲವತ್ತು ಹೆಜ್ಜೆ. ಅವಸರ ಬೇಡ."
ನಲವತ್ತು ಹೆಜ್ಜೆಯಷ್ಟು ಹೊತ್ತು ಗೋಡೆಯೆದುರು ನಿಂತೆ.
"ಈಗ ನಿಮ್ಮೆದುರು ಏಳನೇ ಗಾಳಿಬಾವಿ."
ನನ್ನೆದುರು ಒಂದು ಎಮ್ಮೆ.
ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು.
"ಇದರ ಸರಳ ಸೌಂದರ್ಯವನ್ನು ಗಮನಿಸಿ" ಅಂದೆ ನಾನು,
ಒಳಗಿನಿಂದ.

ಎಮ್ಮೆಯ ಹಿಂದಿನಿಂದ ಝರೆಮ್ಮ ಬಂದಳು,
ಸೆಗಣಿಯ ಕೈ ಸೀರೆಯಿಂದ ದೂರ ಹಿಡಿದು.
"ಯಾರಿಗಿ ಹುಡುಕ್ಲತ್ತಿ?"
ಬಾವಿಗೆ, ಅಂದೆ.
"ಸುರಂಗಬಾವಿಗೇನು? ಮ್ಯಾಲ ಗ್ವಾಡಿ ಕಟ್ಟ್ಯಾರ.
ಗ್ವಾಡಿ ಅದ ಅಂತ ನೀರಿಗೇನ್ ತಿಳೀತದ?
ಅದು ತೆಳಗಿಂದ ತೆಳಗೇ ಹೋಗ್ತದ. ಬಾ."

ಉದ್ದಿನ ಕೂಳೆ ತುಳಿಯುತ್ತ ಅವಳ ಹಿಂದೆ ನಡೆದೆ.
ದಾರಿಯುದ್ದಕ್ಕೂ ನಾನು ನನಗೆ ತಪ್ಪು ದಾರಿ ಹೇಳುತ್ತಿದ್ದೆ.
ತಲೆಯ ಮೇಲೆ ತರಬೇತಿಯ ವಿಮಾನವೊಂದು ಆಕಾಶ ಸೀಳಿತು,
ಎರಡು ವಾಕ್ಯ ಅದರ ಹೊಟ್ಟೆಗೆ ಹೋದವು.
ಯಾವ ಸುಲ್ತಾನನ ಹೆಸರೋ ಇತ್ತು ಅವುಗಳಲ್ಲಿ.

"ಹನ್ನೆರಡು ಮೆಟ್ಟಿಲು ಇಳಿಯಿರಿ."
ಹನ್ನೆರಡು ಇಳಿದೆ. ಇನ್ನೂ ಎರಡು ಇದ್ದವು,
ಪಾಚಿ ಒಣಗಿ, ನಾಚಿದ ಹಾಗೆ.
ವೈಜಿನಾಥ ಸರ್ ಶ್ರಾವಣದಲ್ಲಿ ಎಣಿಸಿರಬೇಕು.

ಕೆಳಗೆ ತಂಪು. ಉಳಿಯ ಗುರುತು ಗೋಡೆಯ ತುಂಬ,
ಕುರಿಯ ಬೆನ್ನ ಮೇಲಿನ ಕತ್ತರಿಯ ಗುರುತಿನ ಹಾಗೆ.
ಕಣಕಾಲಿನಷ್ಟು ನೀರು, ಕತ್ತಲೆಯ ಕಡೆಗೆ ಮುಖ ಮಾಡಿ.

"ಈಗ ಒಂದು ನಿಮಿಷ ಸುಮ್ಮನಿದ್ದು, ನೀರನ್ನು ಆಲಿಸಿ."

ಸುಮ್ಮನಾದೆ. ಆಲಿಸಿದೆ.
ಕೇಳಿದ್ದು ಅಕ್ಕನ ಮನೆಯ ಮಾಳಿಗೆ ಕೋಣೆ:
ಫ್ರಿಜ್ಜಿನ ಗುಂಯ್‌ಗುಡುವಿಕೆ, ರಜಾಯಿಯೊಳಗಿನ ಹತ್ತಿಯ ಉಸಿರು,
ಗಡಿಯಾರ ನೋಡುತ್ತ ಬೆರಳೆತ್ತಿ ಕೂತ ವೈಜಿನಾಥ ಸರ್,
ಉಗುಳು ನುಂಗಿದರೆ ಸದ್ದಾದೀತೆಂದು ಹೆದರಿ
ಗ್ಯಾಸ್ ಸಿಲಿಂಡರಿನ ಲೆಕ್ಕ ಹಾಕುತ್ತಿದ್ದ ನಾನು.
ಆ ಒಂದು ನಿಮಿಷವನ್ನು
ಇಷ್ಟು ದೂರ ಹೊತ್ತು ತಂದು ಇಲ್ಲಿ ಸುರಿಯುತ್ತಿದ್ದೆ.

"ಏ, ಕಿವ್ಯಾಗಿಂದು ತಗಿ ಮೊದಲ."

ತೆಗೆದೆ.
ಟಪ್. ಬಹಳ ಹೊತ್ತು ಏನೂ ಇಲ್ಲ. ಟಪ್.
ಝರೆಮ್ಮ ಸುರಂಗದೊಳಕ್ಕೆ ಬಾಗಿ "ಓ" ಅಂದಳು.
ಅದು ಹೋಯಿತು. ನಾವು ಕಾದೆವು.
ಅರ್ಧ ಮಾತ್ರ ತಿರುಗಿ ಬಂತು,
ಉಳಿದರ್ಧ ಮುಂದಿನ ಬಾವಿಯಿಂದ ಮೇಲೆದ್ದು
ಯಾರದೋ ಹೊಲಕ್ಕೆ ಹೋಗಿರಬೇಕು.

ಆಮೇಲೆ ಅವಳಿಗೆ ಅದರೊಳಗೇನಿದೆ ನೋಡಬೇಕಿತ್ತು.
ಕೈ ತೊಳೆದು, ಸೆರಗಿಗೆ ಒರೆಸಿ,
ಒಂದು ಬದಿ ತನ್ನ ಕಿವಿಗಿಟ್ಟುಕೊಂಡಳು, ಒಂದು ನನಗೆ ಬಿಟ್ಟಳು.
ಕಣ್ಣು ಮುಚ್ಚಿ ಕೇಳಿದಳು ಎಂಟನೇ ನಿಲ್ದಾಣ ಪೂರ್ತಿ.
"ಛಂದ ಓದ್ಲತ್ತಾಳ ಪಾಪ," ಅಂದಳು,
"ಖರೆ, ಗಂಟಲ ಒಣಗ್ಯದ ಆಕಿದು. ಯಾರರೆ ನೀರ ಕೊಡಬೇಕಿತ್ತು."

ಆಕೆ ಯಾರೆಂದು ನಾನು ಹೇಳಲಿಲ್ಲ.
ತಂತಿ ಒಂದೇ ಮೊಳ.
ಅದು ಹರಿಯದ ಹಾಗೆ, ಭುಜಕ್ಕೆ ಭುಜ ತಾಗಿಸಿ
ಒಂದೊಂದೇ ಮೆಟ್ಟಿಲು ಜೊತೆಗೆ ಹತ್ತಿದೆವು,
ಝರೆಮ್ಮ ಗಟ್ಟಿಯಾಗಿ ಎಣಿಸುತ್ತ,
ಹದಿನಾಲ್ಕರ ತನಕ.