ಹಿಡಿಯುವವಳು

ನನ್ನ ಕೆಲಸಕ್ಕೆ ಸರ್ಕಾರದ ಕಾಗದದಲ್ಲಿ ಬೇರೆ ಹೆಸರಿದೆ.
ಮಂಡ್ಯದ ಪಶು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು
‘ಹಿಡ್ಕೊಳ್ಳೋ ಕೆಂಪಾಜಮ್ಮ’.
ನಸ್ರೀನ್ ಮೇಡಂ ಚುಚ್ಚುತ್ತಾರೆ, ಬರೆಯುತ್ತಾರೆ.
ನಾನು ಹಿಡಿಯುತ್ತೇನೆ.

ಅಂಗಳದ ಹೊಂಗೆಮರದಡಿ ಹಸುಗಳ ಸಾಲು.
ಅವಕ್ಕೆ ಕಬ್ಬಿಣದ ಕಂಬವಿದೆ, ಹಗ್ಗವಿದೆ.
ನಾಯಿ ಬೆಕ್ಕಿಗೆ ಇರುವುದು
ಹಿಂದಿನ ಕೋಣೆ, ತಗಡು ಹೊದಿಸಿದ ಮೇಜು,
ಮತ್ತೆ ನನ್ನ ಎರಡು ಕೈ.

ಬೆಕ್ಕನ್ನು ಬಲದಿಂದ ಹಿಡಿಯಲಾಗದು.
ಕಣಕದಲ್ಲಿ ಹೂರಣ ಮುಚ್ಚಿದ ಹಾಗೆ
ಹಳೇ ಟವೆಲಿನಲ್ಲಿ ಸುತ್ತಬೇಕು, ಮುಖವೊಂದು ಹೊರಗೆ.
ನಾಯಿಗೆ ಮೊದಲು ಮುಂಗೈ ಮೂಸಲು ಕೊಡಬೇಕು,
ಆಮೇಲೆ ಕುತ್ತಿಗೆಯ ಸುತ್ತ ತೋಳು,
ಕಿವಿಯ ಬಳಿ ಮಾತು.
ಏನು ಮಾತೆಂದರೆ, ಸೊಪ್ಪಿನ ಬೆಲೆ,
ನಾಲೆಗೆ ನೀರು ಬಿಟ್ಟ ಸುದ್ದಿ, ಏನಾದರೂ.
ದನಿ ನಿಲ್ಲಬಾರದು ಅಷ್ಟೆ.

ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರು ನೋಡುತ್ತಿದ್ದ ಬೋರಲಿಂಗಯ್ಯ
ತನ್ನ ನಾಯಿಯನ್ನು ಗೂಡ್ಸ್ ಆಟೋದಲ್ಲಿ ಕರೆತಂದ.
ಇಳಿಯಲಾರದಷ್ಟು ದಪ್ಪ.
‘ಏನು ಹಾಕ್ತೀರಾ?’
‘ನಾ ತಿನ್ನೋದೇ ಕನ್ ಮೇಡಂ. ಮುದ್ದೆ, ಬಾಡು,
ಉಂಡಾದ್ಮೇಲೆ ಒಂದಚ್ಚು ಬೆಲ್ಲ.’
ಮೇಡಂ ಪೆನ್ನು ಕೆಳಗಿಟ್ಟರು.
‘ನಿಮಗೆ ಸಕ್ಕರೆ ಕಾಯಿಲೆ ಇದೆಯಾ?’
‘ಆಯ್ತು ಹತ್ತೊರ್ಸ.’
‘ಹಾಗಾದ್ರೆ ಇಬ್ಬರಿಗೂ ಒಂದೇ ಚೀಟಿ.’
ಈಗ ದಿನಾ ಬೆಳಿಗ್ಗೆ ನಾಲೆ ಏರಿಯ ಮೇಲೆ
ಒಬ್ಬರನ್ನೊಬ್ಬರು ಎಳೆದುಕೊಂಡು,
ಮುನಿಸಿಕೊಂಡೇ, ಇಬ್ಬರೂ ತೆಳ್ಳಗಾಗುತ್ತಿದ್ದಾರೆ.

ಮೇ ತಿಂಗಳಲ್ಲಿ ಬಂದದ್ದು ಬೇರೆ.
ಎಂಟನೇ ಕ್ಲಾಸಿನ ದೀಕ್ಷಾ, ರಟ್ಟಿನ ಡಬ್ಬಿಯಲ್ಲಿ ಮರಿ.
ಬಾಗಿಲಲ್ಲೇ ರಕ್ತದ ವಾಸನೆ ಹೇಳಿತು, ಪಾರ್ವೊ.
ಲಸಿಕೆ ಹಾಕಿಸಿದ್ದೀಯಾ?
‘ಅಪ್ಪ ಮುಂದಿನ ತಿಂಗಳು ಅಂದಿದ್ರು.’
ಮೂರು ದಿನ ಗ್ಲೂಕೋಸು. ನರ ದಾರದಷ್ಟು ಸಣ್ಣ.
ಮೂರು ದಿನ ಆ ಕಾಲನ್ನು
ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಕೂತೆ.
ನಾಲ್ಕನೇ ದಿನವೂ ಹಿಡಿದೇ ಇದ್ದೆ,
ಮೇಡಂ ಬಂದು ನನ್ನ ಬೆರಳು ಬಿಡಿಸುವವರೆಗೆ.
ಹುಡುಗಿ ಖಾಲಿ ಡಬ್ಬಿ ಮಡಿಚಿ
ಕಂಕುಳಲ್ಲಿಟ್ಟುಕೊಂಡು ಹೋದಳು.
ಬ್ಲೀಚಿಂಗ್ ನೀರಲ್ಲಿ ಮೇಜನ್ನು ನಾಲ್ಕು ಸಲ ಒರೆಸಿದೆ.
ಮುಂದೆ ಬರುವ ಮರಿಗೆ ಅದು ಅಂಟಬಾರದು.

ಸಂಜೆ ಗುತ್ತಲು ರಸ್ತೆಯಲ್ಲಿ ನಡೆದರೆ
ನಾನು ಹಿಡಿದು ಬದುಕಿಸಿದ ನಾಯಿಗಳೇ
ನನ್ನ ಕಂಡು ಬಾಲ ಮುದುರಿ ಆಚೆ ಬದಿಗೆ ಸರಿಯುತ್ತವೆ.
ಚುಚ್ಚಿದವರಿಗೆ ಬಿಸ್ಕತ್ತಿನ ಕೈ, ಅವರ ಕಂಡರೆ ಕುಣಿತ.
ನನಗೆ ಬೆನ್ನು.
ಬೇಸರವಿಲ್ಲ. ಇದ್ದರೂ ಯಾವ ಅರ್ಜಿಯಲ್ಲಿ ಬರೆಯಲಿ?

ಒಮ್ಮೆ ಮಾತ್ರ ಸರಿಯಾಗಿ ಕಚ್ಚಿಸಿಕೊಂಡೆ.
ಹನಕೆರೆಯ ನಾಯಿ, ಒಂದು ಲಸಿಕೆಯೂ ಕಾಣದ್ದು.
ತಪ್ಪು ಅದರದಲ್ಲ.
ಯಾರೋ ಕರೆದರೆಂದು ತಿರುಗಿದ್ದೆ, ಮಾತು ನಿಂತಿತ್ತು.
ನಲ್ಲಿಯ ಕೆಳಗೆ ಸೋಪು ಹಚ್ಚಿ ಹಚ್ಚಿ
ಕಾಲು ಗಂಟೆ ಕೈ ತೊಳೆದು ದೊಡ್ಡಾಸ್ಪತ್ರೆಗೆ ಹೋದೆ.
‘ಬಿಗಿ ಮಾಡ್ಬೇಡಿ’ ಅಂದಳು ನರ್ಸಮ್ಮ.
ನನ್ನನ್ನು ಹಿಡಿಯಲು ಯಾರೂ ಇರಲಿಲ್ಲ.
ಬಲಗೈಯಿಂದ ಎಡಗೈ ಹಿಡಿದು ನನಗೆ ನಾನೇ
ದಂಟು ಹತ್ತು, ಮೆಂತ್ಯ ಹದಿನೈದು, ಸಬ್ಬಸಿಗೆ ಇವತ್ತಿಲ್ಲ
ಅನ್ನುತ್ತಾ ಕೂತೆ.
ಅವಳು ನಕ್ಕಳು. ಅಷ್ಟರಲ್ಲಿ ಸೂಜಿ ಹೋಗಿ ಬಂದಿತ್ತು.

ಮನೆಯಲ್ಲಿ ಒಂದು ಬೆಕ್ಕಿದೆ, ಚಟ್ನಿ ಅಂತ.
ಆಸ್ಪತ್ರೆಯ ವಾಸನೆ ಹೊತ್ತು ಬಂದರೆ
ಅಕ್ಕಿ ಡಬ್ಬದ ಹಿಂದೆ ಎರಡು ಕಣ್ಣು ಮಾತ್ರ.
ಸೀಗೆಪುಡಿಯಲ್ಲಿ ಮೊಣಕೈವರೆಗೆ ಉಜ್ಜಿ,
ನಿಂಬೆ ಸಿಪ್ಪೆ ಹಿಂಡಿ, ಸೀರೆ ಬದಲಿಸಿ
ನೆಲದಲ್ಲಿ ಕೈ ಬಿಟ್ಟು ಕೂರುತ್ತೇನೆ.
ಬಂದರೆ ಬಂತು.

ಹನ್ನೆರಡನೇ ತಾರೀಕು ಅದಕ್ಕೂ ಸೂಜಿ ಇದೆ.
ಮೇಡಂಗೆ ಮೊದಲೇ ಹೇಳಿದ್ದೇನೆ,
ಇದೊಂದನ್ನು ನೀವೇ ಹಿಡಿಯಿರಿ,
ನಾನು ಹೊರಗೆ ಹೊಂಗೆಮರದಡಿ
ಒಣಮೀನು ಹಿಡಿದು ನಿಂತಿರುತ್ತೇನೆ.